ಐವತ್ತರ ನೋಟಿನ ತೇರು, ನಲವತ್ತರ ಟಿಕೇಟು

ಅಂಗಡಿಕಾರ ಮಿತ್ರರು ಒಮ್ಮೆ ಗಲ್ಲಾಪೆಟ್ಟಿಗೆ ತೆರೆದು ನೋಡಬೇಕು. 2017ರಲ್ಲಿ ರಿಸರ್ವ್ ಬ್ಯಾಂಕು ಹೊರತಂದ ನೀಲಿ ಬಣ್ಣದ ಐವತ್ತರ ನೋಟು ಒಂದಾದರೂ ಸಿಕ್ಕೀತು. ಅದರ ಹಿಂಬದಿಗೆ ನಮ್ಮ ಹಂಪಿಯ ವಿಠ್ಠಲ ದೇವಸ್ಥಾನದ ಕಲ್ಲಿನ ತೇರು ಇದೆ. ಆ ನೋಟನ್ನೇ ತೆಗೆದುಕೊಂಡು ಹೋಗಿ ಆ ದೇವಸ್ಥಾನದ ಟಿಕೇಟು ಕಿಂಡಿಯಲ್ಲಿ ಕೊಟ್ಟರೆ, ತೇರನ್ನು ಕಣ್ಣಾರೆ ನೋಡಲು ಒಂದು ಚೀಟಿ ಕೊಟ್ಟು, ಮೇಲೆ ಹತ್ತು ರೂಪಾಯಿ ಚಿಲ್ಲರೆಯನ್ನೂ ವಾಪಸು ಕೊಡುತ್ತಾರೆ. ಚಿತ್ರಕ್ಕೆ 50, ಅಸಲಿಗೆ 40! ಕೇಂದ್ರ ಪುರಾತತ್ವ ಇಲಾಖೆ 2018ರಲ್ಲಿ ಗೊತ್ತು ಮಾಡಿದ ದರ ಇದು. ಪರದೇಶದವರಿಗೆ 600. ಹದಿನೈದು ವರ್ಷದೊಳಗಿನ ಮಕ್ಕಳಿಗೆ ಬಿಟ್ಟಿ.

ಟಿಕೇಟು ಏರಿಸಿ ಅಂತ ಈ ಅಂಕಣ ಕೇಳುತ್ತಿಲ್ಲ, ಗಾಬರಿ ಬೇಡ. ಕೂಲಿನಾಲಿ ಮಾಡುವವನು ಹೆಂಡತಿಯನ್ನು ಕರಕೊಂಡು ಬಂದು ತನ್ನ ಹಿರೀಕರು ಕಡೆದ ಕಲ್ಲನ್ನು ನೋಡಲು ನಲವತ್ತೂ ಹೆಚ್ಚೇ. ನಾವು ಕೇಳುತ್ತಿರುವುದು ಬೇರೆ. ಹಂಪಿ ಎಂಬ ಈ ಆಸ್ತಿಯ ಬೆಲೆ ಎಷ್ಟು? ಅದರಿಂದ ಹುಟ್ಟುವ ರೊಕ್ಕ ಎಲ್ಲಿಗೆ ಹೋಗುತ್ತದೆ? ಅದರ ಖರ್ಚು ಯಾರ ತಲೆ ಮೇಲೆ ಬೀಳುತ್ತದೆ? ಈ ಮೂರನ್ನೂ ಒಂದೇ ಖಾತೆ ಪುಸ್ತಕದಲ್ಲಿ ಬರೆದು ಹೊಸಪೇಟೆಯ ಜನರ ಮುಂದೆ ಇಟ್ಟವರು ಯಾರಾದರೂ ಇದ್ದಾರೆಯೇ?

ಉತ್ಸವದ ವೇದಿಕೆ ಹತ್ತಿದವರೆಲ್ಲ ಒಂದೇ ಮಾತು ಹೇಳುತ್ತಾರೆ: ‘ಹಂಪಿ ಬೆಲೆ ಕಟ್ಟಲಾಗದ ಸಂಪತ್ತು.’ ಚಪ್ಪಾಳೆ ಬೀಳುತ್ತದೆ. ಆದರೆ ವ್ಯಾಪಾರ ಮಾಡುವವನಿಗೆ ಗೊತ್ತು, ಬೆಲೆ ಕಟ್ಟದ ಸರಕಿಗೆ ಅಂಗಡಿಯಲ್ಲಿ ಜಾಗ ಮೂಲೆಯೇ. ಅದು ಸ್ಟಾಕ್ ಪುಸ್ತಕಕ್ಕೆ ಏರುವುದಿಲ್ಲ, ಅದಕ್ಕೆ ವಿಮೆ ಇಲ್ಲ, ಇಲಿ ಕಡಿದರೆ ನಷ್ಟದ ಲೆಕ್ಕವೂ ಇಲ್ಲ. ಬೆಲೆ ಕಟ್ಟಲಾಗದ್ದು ಅಂದುಬಿಟ್ಟರೆ ಸರ್ಕಾರದ ಭಾಷೆಯಲ್ಲಿ ಅದಕ್ಕೆ ಬೆಲೆ ಸೊನ್ನೆ ಅಂತಲೇ ಅರ್ಥ.

ಒಂದು ಸಲ ಮಾತ್ರ ಹಂಪಿಯ ಕಲ್ಲಿಗೆ ರೂಪಾಯಿಯಲ್ಲಿ ಬೆಲೆ ಕಟ್ಟಿದ್ದುಂಟು. ಗಜಶಾಲೆಯ ಹಿಂದಿನ ವಿಷ್ಣು ದೇವಸ್ಥಾನದಲ್ಲಿ ಯುವಕರು ಕಂಬ ನೂಕಿ ಕೆಡವಿದ ವಿಡಿಯೋ 2019ರ ಫೆಬ್ರವರಿಯಲ್ಲಿ ಊರೂರು ಹರಿದಾಡಿತಲ್ಲ, ನೆನಪಿರಬೇಕು. ನಮ್ಮ ಹೊಸಪೇಟೆಯ ನ್ಯಾಯಾಲಯ ನಾಲ್ವರಿಗೂ ತಲಾ 70,000 ರೂಪಾಯಿ ದಂಡ ಹಾಕಿತು, ಕೆಡವಿದ ಕಂಬವನ್ನು ಅವರ ಕೈಯಿಂದಲೇ ಎತ್ತಿ ನಿಲ್ಲಿಸಲು ಹೇಳಿತು. ಒಳ್ಳೆಯ ತೀರ್ಪೇ. ಆದರೆ ಒಟ್ಟು 2,80,000 ರೂಪಾಯಿ ಎಂಬುದು ತಪ್ಪಿಗೆ ಬಿದ್ದ ದಂಡ, ಕಂಬದ ಬೆಲೆ ಅಲ್ಲ. ಹುಡುಗರು ಕೆಡವಿದರೆ ಕೇಸು ಇದೆ, ದಂಡ ಇದೆ. ಮಳೆ ಕೆಡವಿದರೆ? 2024ರ ಮೇ ತಿಂಗಳ ಮಳೆಗೆ ವಿರೂಪಾಕ್ಷ ಬೀದಿಯ ಸಾಲುಮಂಟಪದ ಒಂದು ಭಾಗ ಉರುಳಿಬಿತ್ತು. ಮಳೆಯ ಮೇಲೆ ಕೇಸು ಹಾಕಲು ಬರುವುದಿಲ್ಲ. ಸೋರುವ ಮಂಟಪವನ್ನು ಹೊತ್ತಿಗೆ ಸರಿಯಾಗಿ ರಿಪೇರಿ ಮಾಡದವರ ಮೇಲೆ ಹಾಕಲು ಬರುತ್ತದೋ ಇಲ್ಲವೋ, ಕಾನೂನು ಬಲ್ಲವರು ಹೇಳಬೇಕು.

ಹಾಗಾದರೆ ಇಂಥ ಆಸ್ತಿಗೆ ಬೆಲೆ ಕಟ್ಟುವುದು ಹೇಗೆ ಅಂತೀರಾ? ಕಟ್ಟುವ ದಾರಿ ಉಂಟು, ಮತ್ತು ಅದು ಬಸ್ಸಿನಲ್ಲಿ ಓಡಾಡುವವರಿಗೆ ಸುಲಭವಾಗಿ ತಿಳಿಯುವಂಥದ್ದು. 1947ರಲ್ಲಿ ಅಮೆರಿಕದ ಹೆರಾಲ್ಡ್ ಹೋಟೆಲಿಂಗ್ ಎಂಬ ಅರ್ಥಶಾಸ್ತ್ರಜ್ಞರು ಅಲ್ಲಿನ ರಾಷ್ಟ್ರೀಯ ಉದ್ಯಾನಗಳ ಇಲಾಖೆಗೆ ಒಂದು ಕಾಗದ ಬರೆದರು. ಉದ್ಯಾನದ ಸುತ್ತ ಬಳೆಯ ಹಾಗೆ ಒಂದರ ಹೊರಗೊಂದು ಗೆರೆ ಎಳೆಯಿರಿ; ಯಾವ ಬಳೆಯೊಳಗಿನಿಂದ ಎಷ್ಟು ಜನ, ಎಷ್ಟು ಖರ್ಚು ಮಾಡಿಕೊಂಡು ಬರುತ್ತಾರೆ ಅಂತ ಎಣಿಸಿರಿ; ಉದ್ಯಾನದ ಬೆಲೆ ಅದರಲ್ಲೇ ಅಡಗಿದೆ ಅಂದರು. ಇದನ್ನು ಹಂಪಿಗೆ ತಂದು ನೋಡಿ. ಹೊಸಪೇಟೆಯವನು ಹದಿಮೂರು ಕಿಲೋಮೀಟರು ಬಸ್ಸಿನಲ್ಲಿ ಹೋಗಿ ತೇರು ನೋಡುತ್ತಾನೆ. ಬೆಂಗಳೂರಿನವನು ಅದೇ ತೇರಿಗಾಗಿ ಮುನ್ನೂರಕ್ಕೂ ಹೆಚ್ಚು ಕಿಲೋಮೀಟರು ರೈಲಿನಲ್ಲಿ ರಾತ್ರಿಯೆಲ್ಲ ಕೂತು, ಲಾಡ್ಜಿಗೆ ಕೊಟ್ಟು, ಆಟೋಕ್ಕೆ ಕೊಟ್ಟು, ಎರಡು ದಿನದ ರಜೆ ಕಳೆದು ಬರುತ್ತಾನೆ. ಟಿಕೇಟು ಇಬ್ಬರಿಗೂ ನಲವತ್ತೇ. ಅಂದಮೇಲೆ ತೇರಿನ ಬೆಲೆ ನಲವತ್ತು ಅಲ್ಲ. ಅಷ್ಟು ದೂರದಿಂದ ಬಂದವನು ಅದಕ್ಕಾಗಿ ಬಿಚ್ಚಿದ ಗಂಟು, ಕಳೆದ ಹೊತ್ತು, ಎಲ್ಲ ಸೇರಿದ್ದೇ ಬೆಲೆಯ ಒಂದು ಅಳತೆ.

ಇದರಲ್ಲೂ ಒಂದು ಎಡವಟ್ಟಿದೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ನಮ್ಮ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸಿನ ಛಾರ್ಜು ಇಲ್ಲ. ಹಾಗಂತ ಸಿರುಗುಪ್ಪದಿಂದಲೋ ಕೂಡ್ಲಿಗಿಯಿಂದಲೋ ವಿರೂಪಾಕ್ಷನ ದರ್ಶನಕ್ಕೆ ಬಂದ ತಾಯಿಯ ಲೆಕ್ಕದಲ್ಲಿ ಹಂಪಿಯ ಬೆಲೆ ಸೊನ್ನೆಯೇ? ಆಕೆ ಒಂದು ದಿನದ ಕೂಲಿ ಬಿಟ್ಟು ಬಂದಿದ್ದಾಳೆ ಸ್ವಾಮಿ. ಆ ಕೂಲಿಯೂ ಲೆಕ್ಕಕ್ಕೆ ಬರಬೇಕು. ಬೆಂಗಳೂರಿನ ಕಾರಿನ ಪೆಟ್ರೋಲನ್ನು ಮಾತ್ರ ಎಣಿಸುವ ಲೆಕ್ಕ ಬಡವರನ್ನು ಎಣಿಸದ ಲೆಕ್ಕ.

ಇನ್ನು ಹಂಪಿಗೆ ಎಂದೂ ಬಾರದವರ ಪಾಲೊಂದಿದೆ. ಮನೆದೇವರ ಗುಡಿಗೆ ಹತ್ತು ವರ್ಷ ಕಾಲಿಡದವನೂ ಗೋಪುರ ಬಿರುಕು ಬಿಟ್ಟಿದೆ ಅಂತ ಪಟ್ಟಿ ಹಿಡಿದು ಬಂದರೆ ಜೇಬಿಗೆ ಕೈ ಹಾಕುತ್ತಾನೆ. ಯಾಕೆ? ತಾನು ನೋಡದಿದ್ದರೂ ಅದು ಇರಬೇಕು, ತನ್ನ ಮೊಮ್ಮಕ್ಕಳಿಗೆ ಇರಬೇಕು ಎಂಬ ಆಸೆ. ಅರ್ಥಶಾಸ್ತ್ರದವರು ಇದನ್ನೂ ಅಳೆಯುತ್ತಾರೆ. ಮನೆಮನೆಗೆ ಹೋಗಿ ‘ಇದು ಉಳಿಯಲು ನೀವು ವರ್ಷಕ್ಕೆ ಎಷ್ಟು ಕೊಡಲು ತಯಾರು’ ಅಂತ ಕೇಳುತ್ತಾರೆ. ಬಾಯಲ್ಲಿ ಹೇಳುವುದಕ್ಕೂ ಗಂಟು ಬಿಚ್ಚುವುದಕ್ಕೂ ಎಷ್ಟು ಅಂತರ ಅಂತ ಉದ್ರಿ ಕೊಟ್ಟು ಸುಸ್ತಾದ ನಮ್ಮ ಕಿರಾಣಿಯವರನ್ನು ಕೇಳಿ. ಆದರೂ ಅಂದಾಜಿಗೆ ಒಂದು ಅಂಕಿ ಇದ್ದರೆ ಏನೂ ಇಲ್ಲದ್ದಕ್ಕಿಂತ ಮೇಲು.

ಗಲ್ಲಾಪೆಟ್ಟಿಗೆಯ ಮಾತಿಗೆ ಬರೋಣ. ಟಿಕೇಟಿನ ರೊಕ್ಕ ಕೇಂದ್ರದ ಬೊಕ್ಕಸಕ್ಕೆ ಹೋಗಿ ಬೀಳುತ್ತದೆ, ಕಮಲಾಪುರದಲ್ಲೋ ಹಂಪಿಯಲ್ಲೋ ಉಳಿಯುವುದಿಲ್ಲ. ಅಲ್ಲಿಂದ ರಿಪೇರಿಗೆ ಎಷ್ಟು ಬರುತ್ತದೋ ಅದು ದಿಲ್ಲಿಯವರ ದಯೆ. ಇಲ್ಲಿ ಎಷ್ಟು ಹುಟ್ಟಿತು, ಇಲ್ಲಿಗೆ ಎಷ್ಟು ಬಂತು ಎಂಬ ಎರಡು ಅಂಕಿಗೆ ನಂಟೇ ಇಲ್ಲ. ಹೆಚ್ಚು ಜನ ಬಂದರೆ ಹೆಚ್ಚು ಸವಕಳಿ, ಆದರೆ ಹೆಚ್ಚು ರಿಪೇರಿ ಆಗಲೇಬೇಕೆಂಬ ನಿಯಮ ಇಲ್ಲ. ಇದು ಯಾವ ಸೀಮೆಯ ವ್ಯಾಪಾರ?

ಆಗ್ರಾದಲ್ಲಿ ಹೀಗಿಲ್ಲ. ತಾಜಮಹಲಿನ ಬಾಗಿಲಲ್ಲಿ ಪುರಾತತ್ವ ಇಲಾಖೆಯ ಶುಲ್ಕದ ಜೊತೆಗೆ ಅಲ್ಲಿನ ನಗರಾಭಿವೃದ್ಧಿ ಪ್ರಾಧಿಕಾರ ಪಥಕರ ಅಂತ ತನ್ನ ಪಾಲನ್ನು ಬೇರೆಯಾಗಿ ವಸೂಲು ಮಾಡುತ್ತದೆ. ಭಾರತೀಯರಿಂದ 10 ರೂಪಾಯಿ, ವಿದೇಶಿಯರಿಂದ 500. ಆ ರೊಕ್ಕವನ್ನು ಅಲ್ಲಿ ಸರಿಯಾಗಿ ಬಳಸುತ್ತಾರೋ ಬಿಡುತ್ತಾರೋ ಅದು ಆಗ್ರಾದವರ ಜಗಳ. ಊರಿಗೆ ಒಂದು ಪಾಲು ಎಂಬ ತತ್ವವಂತೂ ಅಲ್ಲಿ ಒಪ್ಪಿತವಾಗಿದೆ.

ಆಗ್ರಾ ಯಾಕೆ, ನಮ್ಮ ಬಳ್ಳಾರಿ ಸೀಮೆಯ ಅದಿರನ್ನೇ ನೋಡ್ರಿ. ಚೀನಾಕ್ಕೆ ಅದಿರು ಹೋಗುತ್ತಿದ್ದ ಕಾಲದಲ್ಲಿ ಲಾರಿಗಳ ಸಾಲಿಗೆ ಹೊಸಪೇಟೆಯ ರಸ್ತೆ, ಗಿಡ, ಅಂಗಿ ಎಲ್ಲ ಕೆಂಪಾಗಿದ್ದನ್ನು ಯಾರೂ ಮರೆತಿಲ್ಲ. ಗುಡ್ಡ ಕರಗಿತು, ರೊಕ್ಕ ಯಾರದೋ ಮನೆ ಸೇರಿತು. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲೆಯ ಕಬ್ಬಿಣದ ಗಣಿಗಾರಿಕೆಯನ್ನೇ ನಿಲ್ಲಿಸಬೇಕಾಯಿತು. ಆಮೇಲೆ 2015ರಲ್ಲಿ ಗಣಿ ಕಾನೂನಿಗೆ ತಿದ್ದುಪಡಿ ಬಂದು ಜಿಲ್ಲೆಗೊಂದು ಖನಿಜ ಪ್ರತಿಷ್ಠಾನ ಅಂತ ಮಾಡಿದರು. ಹಳೆಯ ಗುತ್ತಿಗೆಯವರು ಸರ್ಕಾರಕ್ಕೆ ಕಟ್ಟುವ ರಾಯಧನದ ಮೇಲೆ ಅದರ ಶೇ. 30ರಷ್ಟನ್ನು, ಆ ತಿದ್ದುಪಡಿಯ ನಂತರ ಗುತ್ತಿಗೆ ಪಡೆದವರು ಶೇ. 10ರಷ್ಟನ್ನು ಈ ನಿಧಿಗೆ ಹಾಕಬೇಕು. ಗಣಿಯಿಂದ ಕಷ್ಟಪಟ್ಟ ಊರುಗಳಿಗೆ ಅದು ಖರ್ಚಾಗಬೇಕು. ಖರ್ಚಿನಲ್ಲಿ ಎಷ್ಟು ಸೋರಿಕೆ ಇದೆ ಎಂಬುದು ಬೇರೆ ದಿನದ ಮಾತು. ನಮ್ಮ ಪ್ರಶ್ನೆ ಇಷ್ಟೇ: ನೆಲದ ಕೆಳಗಿನ ಕಲ್ಲಿಗೆ ಊರಿನ ಪಾಲು ಅಂತ ಕಾನೂನು ಇದೆ, ನೆಲದ ಮೇಲಿನ ಕಲ್ಲಿಗೆ ಯಾಕಿಲ್ಲ? ಅದಿರು ಒಂದು ಸಲ ಲಾರಿ ಹತ್ತಿದರೆ ಮುಗಿಯಿತು. ಕಲ್ಲಿನ ತೇರನ್ನು ಇವತ್ತು ಸಾವಿರ ಜನ ನೋಡಿದರೂ ನಾಳೆ ಅಲ್ಲೇ ಇರುತ್ತದೆ, ನಾವು ಇಟ್ಟುಕೊಂಡರೆ.

ಇಟ್ಟುಕೊಂಡರೆ ಅಂದದ್ದಕ್ಕೆ ಕಾರಣ ಇದೆ. ಅಲೆಗ್ಸಾಂಡರ್ ಗ್ರೀನ್‌ಲಾ ಎಂಬ ಬ್ರಿಟಿಷ್ ಅಧಿಕಾರಿ 1856ರಲ್ಲಿ ಹಂಪಿಯ ಫೋಟೋ ತೆಗೆದಿದ್ದಾರೆ. ಆ ಫೋಟೋದಲ್ಲಿ ಕಲ್ಲಿನ ತೇರಿನ ತಲೆಯ ಮೇಲೆ ಇಟ್ಟಿಗೆಯ ಗೋಪುರ ಇದೆ. ಐವತ್ತರ ನೋಟಿನ ಚಿತ್ರದಲ್ಲಿ ಅದು ಇಲ್ಲ. ಅದೇ ಅಂಗಳದ ಸಂಗೀತ ಕಂಬಗಳನ್ನು ಎಷ್ಟೋ ವರ್ಷ ಬಂದ ಬಂದವರೆಲ್ಲ ಬಡಿದು ಬಡಿದು ಸ್ವರ ಕೇಳಿದರು. ಒಂದೆರಡು ರೂಪಾಯಿ ಭಕ್ಷೀಸಿಗೆ ಕಂಬ ಬಾರಿಸಿ ತೋರಿಸುವವರಿಗೂ ಕೊರತೆ ಇರಲಿಲ್ಲ. ಈಗ ಅದನ್ನು ಮುಟ್ಟುವಂತಿಲ್ಲ. ಬಡ್ಡಿಯಲ್ಲಿ ಜೀವನ ಮಾಡುವವನಿಗೂ ಅಸಲನ್ನೇ ತಿಂದು ತೇಗುವವನಿಗೂ ಇರುವ ವ್ಯತ್ಯಾಸ ಇದೇ.

ಒಳ್ಳೆಯದನ್ನು ಒಳ್ಳೆಯದು ಅನ್ನಬೇಕು. ವಿಠ್ಠಲ ದೇವಸ್ಥಾನದ ಬಾಗಿಲ ತನಕ ಬಸ್ಸು, ಕಾರು ನುಗ್ಗುವುದನ್ನು ತಡೆದು ಗೆಜ್ಜಲ ಮಂಟಪದ ಹತ್ತಿರ ನಿಲ್ಲಿಸಿ ಬ್ಯಾಟರಿ ಗಾಡಿ ಓಡಿಸಿದ್ದು ಸರಿಯಾದ ಕೆಲಸ. ಹೊಗೆ ತಪ್ಪಿತು, ಅದುರುವುದು ತಪ್ಪಿತು, ಗಾಡಿ ಓಡಿಸುವ ನಮ್ಮ ಹೆಣ್ಣುಮಕ್ಕಳಿಗೆ ಸಂಬಳವೂ ಹುಟ್ಟಿತು. ಕಲ್ಲನ್ನು ಕಾಯುವುದೂ ಹೊಟ್ಟೆ ಹೊರೆಯುವುದೂ ಒಂದಕ್ಕೊಂದು ಶತ್ರು ಅಲ್ಲ ಎಂಬುದಕ್ಕೆ ಇಷ್ಟು ಸಾಕ್ಷಿ ಸಾಕು.

ಆದರೆ ಎಲ್ಲ ಕಡೆ ಹೀಗಾಗಲಿಲ್ಲ. 1986ರಲ್ಲಿ ಯುನೆಸ್ಕೋ ಹಂಪಿಯನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. 1999ರಲ್ಲಿ ತುಂಗಭದ್ರೆಗೆ ಅಡ್ಡಲಾಗಿ ಸೇತುವೆ ಕಟ್ಟಲು ಹೊರಟಿದ್ದಕ್ಕೆ ಅಪಾಯದ ಪಟ್ಟಿಗೆ ಹಾಕಿತು. ಆ ಪಟ್ಟಿಯಿಂದ ಹೊರಬರಲು 2006ರ ವರೆಗೆ ಕಾಯಬೇಕಾಯಿತು. ಆನೆಗೊಂದಿಯ ಸೇತುವೆ ಕಟ್ಟುತ್ತಿರುವಾಗಲೇ 2009ರ ಜನವರಿಯಲ್ಲಿ ಕುಸಿದು ಕೂಲಿಕಾರರ ಪ್ರಾಣ ಹೋಯಿತು. ಸೇತುವೆ ಬೇಡ ಅಂತ ಹೇಳಿದವರು ಆಚೆ ದಡದ ರೈತನ ತೊಂದರೆಯನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ಬೇಕು ಅಂದವರು ಹಂಪಿಯ ನೋಟವನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ಎರಡನ್ನೂ ಒಂದೇ ತಕ್ಕಡಿಗೆ ಮೊದಲೇ ಹಾಕಿ ನೋಡಿದ್ದರೆ ಇಷ್ಟು ವರ್ಷ, ಇಷ್ಟು ರೊಕ್ಕ, ಇಷ್ಟು ಜೀವ ಹಾಳಾಗುತ್ತಿರಲಿಲ್ಲ.

ಹಂಪಿ ಬಜಾರಿನ ಸಂಗತಿ ಇನ್ನೂ ಕಹಿ. ಮುತ್ತು ರತ್ನವನ್ನು ಸೇರಿನಲ್ಲಿ ಅಳೆದು ಮಾರಿದ ಬೀದಿ ಅಂತ ನಾವೆಲ್ಲ ಹೆಮ್ಮೆಯಿಂದ ಹೇಳಿಕೊಳ್ಳುವ ಜಾಗ ಅದು. ಅಲ್ಲಿ ಸಾಲುಮಂಟಪದಲ್ಲೇ ಮನೆ, ಚಹಾದಂಗಡಿ, ಹೋಟೆಲು ಮಾಡಿಕೊಂಡು ದಶಕಗಟ್ಟಲೆ ಬದುಕಿದ ನೂರಾರು ಜನರನ್ನು 2011ರ ಜುಲೈನಲ್ಲಿ ಜೆಸಿಬಿ ತಂದು ಎಬ್ಬಿಸಿದರು. ಗಣಿಗೆ ಕೋರ್ಟು ಬೀಗ ಹಾಕಿದ ತಿಂಗಳೇ ಇದೂ ಆಯಿತು. ಮಂಟಪಕ್ಕೆ ಅವರಿಂದ ಧಕ್ಕೆ ಆಗಿದ್ದು ಸುಳ್ಳಲ್ಲ. ಕಂಬಕ್ಕೆ ಕಂಬ ಸೇರಿಸಿ ಗೋಡೆ ಎತ್ತಿದ್ದರು, ಸುಣ್ಣ ಬಣ್ಣ ಬಳಿದಿದ್ದರು. ಆದರೆ ರಾತ್ರಿ ಹನ್ನೊಂದಕ್ಕೆ ಬಂದ ಯಾತ್ರಿಕನಿಗೆ ನೀರು ಕೊಟ್ಟವರು, ಬೀದಿಯಲ್ಲಿ ದೀಪ ಉರಿಸಿದವರು, ಅಪರಿಚಿತ ಬಂದರೆ ಯಾರಪ್ಪಾ ನೀನು ಅಂತ ಕೇಳಿದವರೂ ಅವರೇ. ಇದಕ್ಕೆ ಯಾವ ಖಾತೆಯಲ್ಲೂ ಜಮಾ ಇಲ್ಲ. ಕಾವಲುಗಾರನನ್ನು ಸಂಬಳಕ್ಕೆ ಇಟ್ಟುಕೊಂಡ ಮೇಲೆ ಬಿಟ್ಟಿ ಕಾವಲಿನ ಬೆಲೆ ಎಷ್ಟಿತ್ತು ಅಂತ ತಿಳಿಯುತ್ತದೆ.

ಆಚೆ ದಡದ ವಿರೂಪಾಪುರಗಡ್ಡಿಯ ರೆಸಾರ್ಟುಗಳು ಬೇರೆ ಕಥೆ. ಸುಪ್ರೀಂ ಕೋರ್ಟು 2020ರ ಫೆಬ್ರವರಿಯಲ್ಲಿ ಹೇಳಿದ ಮೇಲೆ ಮಾರ್ಚ್‌ನಲ್ಲಿ ಅವು ನೆಲಸಮವಾದವು. ನಿಯಮ ಮೀರಿ ಕಟ್ಟಿದ್ದಕ್ಕೆ ಆ ಗತಿ. ಅದಕ್ಕೆ ನಮ್ಮ ಕಣ್ಣೀರಿಲ್ಲ. ಆದರೆ ಅವು ತಲೆ ಎತ್ತುತ್ತಿದ್ದ ಅಷ್ಟೂ ವರ್ಷ ನೋಡಿ ಸುಮ್ಮನಿದ್ದವರಿಗೆ ಯಾವ ದಂಡವೂ ಇಲ್ಲ.

ಈಗ ನಿಯಮ ಪಾಲಿಸಿ ಬದುಕುತ್ತಿರುವವರ ಸ್ಥಿತಿ ಕೇಳಿ. ಹಂಪಿ ವಿಶ್ವಪರಂಪರೆ ಪ್ರದೇಶ ನಿರ್ವಹಣಾ ಪ್ರಾಧಿಕಾರದ ವ್ಯಾಪ್ತಿ ಸುಮಾರು 236 ಚದರ ಕಿಲೋಮೀಟರು, 29 ಹಳ್ಳಿ. 2010ರ ತಿದ್ದುಪಡಿಯ ಪ್ರಕಾರ ಕೇಂದ್ರದ ರಕ್ಷಣೆಯಲ್ಲಿರುವ ಸ್ಮಾರಕದಿಂದ 100 ಮೀಟರಿನೊಳಗೆ ಹೊಸದಾಗಿ ಕಟ್ಟುವಂತೆಯೇ ಇಲ್ಲ, ಅದರಾಚೆ 200 ಮೀಟರು ಅನುಮತಿ ಬೇಕು. ಮಗನಿಗೆ ಮದುವೆ ಮಾಡಿ ಒಂದು ಕೋಣೆ ಹೆಚ್ಚಿಗೆ ಕಟ್ಟಬೇಕಾದ ರೈತ ಕಚೇರಿಯಿಂದ ಕಚೇರಿಗೆ ಚಪ್ಪಲಿ ಸವೆಸುತ್ತಾನೆ. ಕಲ್ಲು ಉಳಿಯಲು ನಿಯಮ ಬೇಕು, ಒಪ್ಪಿದೆ. ಆದರೆ ಲೋಕದ ಜನರೆಲ್ಲ ಸವಿಯುವ ಆಸ್ತಿಯ ಕಂದಾಯವನ್ನು ಆ ರೈತನೊಬ್ಬನೇ ಕಟ್ಟಬೇಕೆಂದರೆ ಅವನಿಗೆ ಹಂಪಿಯ ಮೇಲೆ ಪ್ರೀತಿ ಹುಟ್ಟುವುದು ಹೇಗೆ?

ಅದೇ ರೈತನ ಹೊಲಕ್ಕೆ ನೀರು ಎಲ್ಲಿಂದ ಬರುತ್ತದೆ ಗೊತ್ತೇ? ವಿಜಯನಗರದ ಅರಸರ ಕಾಲದ ತುರ್ತು ಕಾಲುವೆ ಇವತ್ತಿಗೂ ಹರಿಯುತ್ತಿದೆ. ಕಮಲಾಪುರ, ಹಂಪಿಯ ಬಾಳೆ, ಭತ್ತ, ಕಬ್ಬಿಗೆ ಅದೇ ಆಧಾರ. ಅದಕ್ಕೆ ಟಿಕೇಟು ಇಲ್ಲ, ಗೈಡು ಇಲ್ಲ, ಫೋಟೋ ತೆಗೆಯುವವರೂ ಕಡಿಮೆ. ಆದರೆ ಇಡೀ ಹಂಪಿಯಲ್ಲಿ ಲೆಕ್ಕ ಹಾಕಲು ಅತಿ ಸುಲಭವಾದ ಆಸ್ತಿ ಅದು. ಎಷ್ಟು ಎಕರೆ, ಎಷ್ಟು ಗೊನೆ, ಎಷ್ಟು ಚೀಲ ಅಂತ ಗುಣಿಸಿದರೆ ಮುಗಿಯಿತು. ನೋಡುವ ಹಂಪಿಯ ಪಕ್ಕದಲ್ಲಿ ಉಣ್ಣುವ ಹಂಪಿ ಒಂದಿದೆ. ಕಾಲುವೆಯ ಹೂಳಿಗೂ ಸಾಲುಮಂಟಪದ ಸೋರಿಕೆಗೂ ಒಂದೇ ಪಟ್ಟಿಯಲ್ಲಿ ಜಾಗ ಸಿಗಬೇಕು.

ಆದರೆ ಪಟ್ಟಿ ಮಾಡುವವರು ಯಾರು? ಸ್ಮಾರಕ ಪುರಾತತ್ವ ಇಲಾಖೆಯದು, ಕೆಲವು ರಾಜ್ಯದ್ದು, ಕೆಲವು ಕೇಂದ್ರದ್ದು. ಪೂಜೆ ಮುಜರಾಯಿಯದು. ಯಾತ್ರಿ ಪ್ರವಾಸೋದ್ಯಮದವನು. ಕಸ ಪಂಚಾಯ್ತಿಯದು. ಕಾಲುವೆ ನೀರಾವರಿಯವರದು. ಹೊಳೆ ದಾಟಿದರೆ ಜಿಲ್ಲೆಯೇ ಬೇರೆ. ಆನೆಗೊಂದಿ ಕೊಪ್ಪಳಕ್ಕೆ ಸೇರಿದ್ದು. ಇವರನ್ನೆಲ್ಲ ಕೂಡಿಸಲೆಂದೇ ಪ್ರಾಧಿಕಾರ ಮಾಡಿದ್ದು. ಏಳು ಜನ ಅಳಿಯಂದಿರಿರುವ ಮನೆಯಲ್ಲಿ ಸೋರುವ ಹೆಂಚು ತಿರುವಿ ಹಾಕಲು ಯಾರೂ ಏಣಿ ಹತ್ತುವುದಿಲ್ಲ.

ನಮ್ಮ ಪೇಟೆಯವರೂ ಕೈ ತೊಳೆದುಕೊಂಡು ಕೂರುವ ಹಾಗಿಲ್ಲ. ಅಂಗಡಿಯನ್ನು ಬೇರೆಯವರಿಗೆ ವಹಿಸಿಕೊಡುವಾಗ ಗುಡ್‌ವಿಲ್ ಅಂತ ಒಂದು ಮೊತ್ತ ಕೇಳುತ್ತೇವೆ. ಹೊಸಪೇಟೆಯ ಲಾಡ್ಜು, ಆಟೋ, ಖಾನಾವಳಿ, ವಗ್ಗಾಣಿ-ಮಿರ್ಚಿಯ ಗಾಡಿ, ಎಲ್ಲ ಹಂಪಿಯ ಗುಡ್‌ವಿಲ್ ಮೇಲೆ ನಡೆಯುತ್ತಿವೆ. ಅದಕ್ಕೆ ನಾವು ಒಂದು ಪೈಸೆ ಬಾಡಿಗೆ ಕಟ್ಟಿದ್ದೇವೆಯೇ? ಉಲ್ಟಾ, ಕನ್ನಡ ಬಾರದ ಮುಖ ಕಂಡರೆ ಆಟೋದ ರೇಟು ಎರಡರಷ್ಟು! ಹಾಗೆ ಮೋಸಹೋದವನು ತನ್ನೂರಿಗೆ ಹೋಗಿ ತೇರಿನ ಕಥೆ ಹೇಳುವುದಿಲ್ಲ, ಆಟೋದ ಕಥೆ ಹೇಳುತ್ತಾನೆ. ಲಾಡ್ಜಿನವರ ಸಂಘ, ಆಟೋದವರ ಸಂಘ ಒಂದು ಸಣ್ಣ ಪಾಲನ್ನು ನಿಧಿಗೆ ಹಾಕಲು ಒಪ್ಪಿದರೆ ದಿಲ್ಲಿಯನ್ನು ಕೇಳುವ ನಮ್ಮ ಬಾಯಿಗೂ ಬಲ ಬರುತ್ತದೆ.

ಬೆಲೆ ಕಟ್ಟಿದರೆ ಮಾರಿಯೇ ಬಿಡುತ್ತಾರೆ ಎಂಬ ಅಂಜಿಕೆ ಕೆಲವರಿಗಿದೆ. ಅಂಜಿಕೆ ಸುಮ್ಮನೆ ಹುಟ್ಟಿದ್ದಲ್ಲ. 2018ರಲ್ಲಿ ದಿಲ್ಲಿಯ ಕೆಂಪುಕೋಟೆಯನ್ನು ಒಂದು ಸಿಮೆಂಟು ಕಂಪನಿಯ ಸಮೂಹಕ್ಕೆ ದತ್ತು ಕೊಟ್ಟಾಗ ದೇಶದಲ್ಲೆಲ್ಲ ಗದ್ದಲವಾಯಿತು. ಆದರೆ ಮಾರುವವನು ಬೆಲೆ ಕಟ್ಟಲಿ ಅಂತ ಕಾಯುವುದಿಲ್ಲ. ಬೆಲೆ ಬರೆದಿಡದ ಆಸ್ತಿಯೇ ಅಗ್ಗಕ್ಕೆ ಹೋಗುವುದು. ಮನೆಯ ಬಂಗಾರವನ್ನು ತೂಕ ಹಾಕಿಸಿ ಚೀಟಿ ಬರೆದಿಡುವುದು ಮಾರಲಿಕ್ಕಲ್ಲ, ಅಳಿಯ ಮಾರಿದರೆ ಗೊತ್ತಾಗಲಿ ಅಂತ.

ನಮ್ಮ ಜಿಲ್ಲೆ ಹುಟ್ಟಿದ್ದು 2021ರಲ್ಲಿ. ಹೆಸರು ಇಟ್ಟುಕೊಂಡಿದ್ದೇ ವಿಜಯನಗರ ಅಂತ. ಹೆಸರಿನ ಬಾಡಿಗೆಯನ್ನಾದರೂ ಕೊಡಬೇಕಲ್ಲ! ಜಿಲ್ಲಾಡಳಿತ ಮಾಡಬೇಕಾದ್ದು ಆಕಾಶದಿಂದ ಇಳಿಸುವ ಕೆಲಸವಲ್ಲ. ಹಂಪಿಗೆ ಬರುವವರು ಎಲ್ಲಿಂದ ಬಂದರು, ಎಷ್ಟು ಖರ್ಚು ಮಾಡಿದರು ಅಂತ ಬಸ್‌ಸ್ಟ್ಯಾಂಡು, ರೈಲ್ವೆ ಸ್ಟೇಷನ್ನು, ಗೆಜ್ಜಲ ಮಂಟಪದಲ್ಲಿ ಒಂದು ವರ್ಷ ಕೂತು ಬರೆಸಲಿ; ಕಾಲೇಜು ಹುಡುಗರು ಸಂತೋಷವಾಗಿ ಮಾಡುತ್ತಾರೆ. ಬೀಳುವ ಸ್ಥಿತಿಯಲ್ಲಿರುವ ಮಂಟಪಗಳ ಪಟ್ಟಿ ಮಳೆಗಾಲಕ್ಕೆ ಮುಂಚೆ ಹೊರಬರಲಿ, ಮಂಟಪ ಬಿದ್ದ ಮೇಲೆ ಅಲ್ಲ. ಟಿಕೇಟಿನ ರೊಕ್ಕದಲ್ಲಿ ಒಂದು ಗೊತ್ತಾದ ಪಾಲು ಹಂಪಿಯಲ್ಲೇ ಉಳಿದು ಮೊದಲು ರಿಪೇರಿಗೆ, ಆಮೇಲೆ ಆ 29 ಹಳ್ಳಿಯ ಚರಂಡಿ, ಶೌಚಾಲಯಕ್ಕೆ ಹೋಗುವಂತೆ ಖನಿಜ ನಿಧಿಯ ಮಾದರಿಯಲ್ಲೇ ಕಾನೂನು ಮಾಡಿ ಅಂತ ನಮ್ಮ ಸಂಸದರು ದಿಲ್ಲಿಯಲ್ಲಿ ಬಾಯಿ ಬಿಡಲಿ. ಉತ್ಸವಕ್ಕೆ ಬರುವ ಸಿನಿಮಾ ಹಾಡುಗಾರರಿಗೆ ಎಷ್ಟು ಕೊಟ್ಟರು, ಅದೇ ವರ್ಷ ಕಲ್ಲಿನ ರಿಪೇರಿಗೆ ಎಷ್ಟು ಕೊಟ್ಟರು ಎಂಬ ಎರಡು ಅಂಕಿಯನ್ನು ಅಕ್ಕಪಕ್ಕ ಬರೆದು ತೋರಿಸಲಿ.

ತೋರಿಸಲು ಜಾಗ ಇಲ್ಲ ಅನ್ನುವ ಹಾಗಿಲ್ಲ. ಹೊಸಪೇಟೆ ಬಸ್‌ಸ್ಟ್ಯಾಂಡಿನಲ್ಲಿ ಹಂಪಿ ಬಸ್ಸಿಗೆ ಕಾಯುವ ಕಡೆ ಒಂದು ಕರಿಹಲಗೆ ಸಾಕು. ಈ ತಿಂಗಳು ಇಷ್ಟು ಜನ ಬಂದರು, ಇಷ್ಟು ರೊಕ್ಕ ಬಂತು, ಇಷ್ಟು ಹಂಪಿಗೆ ವಾಪಸಾಯಿತು, ಇಂಥ ಮಂಟಪಕ್ಕೆ ಖರ್ಚಾಯಿತು ಅಂತ ನಾಲ್ಕು ಸಾಲು. ಹಲಗೆಯ ಖರ್ಚನ್ನು ನಮ್ಮ ಪೇಟೆಯ ವರ್ತಕರೇ ಕೊಟ್ಟಾರು. ಅಂಕಿ ಮಾತ್ರ ಸರ್ಕಾರದವರು ಕೊಡಬೇಕು.